ಸ್ಥಿರಚಿತ್ರಕ್ಕೂ ವಿಡಿಯೊಗೂ ಒಂದೇ ಕ್ಯಾಮೆರಾ: ಅಳೆಯಬೇಕಾದದ್ದು ಯಾವುದನ್ನು?

ಉನ್ನತ ದರ್ಜೆಯ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಮೆಗಾಪಿಕ್ಸೆಲ್ ಎಂದು. ಅದರ ಬೆನ್ನಿಗೇ ಬರುವ ಪ್ರಶ್ನೆ ವಿಡಿಯೊ 4ಕೆಯೋ 8ಕೆಯೋ ಎಂಬುದು. ಈ ಎರಡಕ್ಕೂ ಉತ್ತರ ಪೆಟ್ಟಿಗೆಯ ಮೇಲೆಯೇ ಮುದ್ರಿತವಾಗಿರುತ್ತದೆ. ನಾನು ಇಂದು ನಿಮ್ಮ ಮುಂದಿಡಬೇಕೆಂದಿರುವುದು ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಕಾಣಸಿಗದ ಮೂರನೆಯ ಪ್ರಶ್ನೆಯನ್ನು. ಸೆನ್ಸರಿನ (ಬೆಳಕನ್ನು ಚಿತ್ರವಾಗಿಸುವ ಚಿಪ್ಪಿನ) ಮೇಲೆ ಬಿದ್ದ ಚಿತ್ರವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಮುಗಿಸಲು ಆ ಕ್ಯಾಮೆರಾಕ್ಕೆ ಎಷ್ಟು ಹೊತ್ತು ಬೇಕು? ಎರಡೂ ಕೆಲಸಗಳನ್ನು ಒಂದೇ ಯಂತ್ರದಿಂದ ಮಾಡಿಸಿಕೊಳ್ಳಬೇಕು ಎನ್ನುವವರಿಗೆ ಇದಕ್ಕಿಂತ ಮುಖ್ಯವಾದ ಸಂಖ್ಯೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಏಕೆ ಹಾಗೆ ಎಂದು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

2008ರಲ್ಲಿ ನಿಕಾನ್ ಡಿ90 ಬಂದಾಗ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾವೊಂದು ಮೊದಲ ಬಾರಿಗೆ ವಿಡಿಯೊ ದಾಖಲಿಸಿತು. ಅದು 720 ಸಾಲುಗಳ ವಿಡಿಯೊ. ಅದೇ ವರ್ಷ ಕ್ಯಾನನ್ 5ಡಿ ಮಾರ್ಕ್ 2 ಬಂದು, 36×24 ಮಿಲಿಮೀಟರಿನ ಫುಲ್ ಫ್ರೇಮ್ ಸೆನ್ಸರಿನಿಂದ 1080 ಸಾಲುಗಳ ವಿಡಿಯೊ ಕೊಟ್ಟಿತು. ಹಿನ್ನೆಲೆಯನ್ನು ಅಷ್ಟು ಮೃದುವಾಗಿ ಮಸುಕಾಗಿಸುವ ಶಕ್ತಿ ಅಲ್ಲಿಯವರೆಗೆ ದೊಡ್ಡ ಸಿನಿಮಾ ಕ್ಯಾಮೆರಾಗಳಿಗೆ ಮಾತ್ರ ಇತ್ತು. ಆದರೆ ಒಳಗಿನ ಕನ್ನಡಿ ಈ ಹೊಸ ಕೆಲಸಕ್ಕೆ ಅಡ್ಡಿಯಾಯಿತು. ಎಸ್‌ಎಲ್‌ಆರ್‌ನಲ್ಲಿ ಕನ್ನಡಿಯೇ ಬೆಳಕನ್ನು ವ್ಯೂಫೈಂಡರಿಗೆ ಕಳುಹಿಸುತ್ತದೆ. ಅದರ ಹಿಂದಿನ ಪುಟ್ಟ ಕನ್ನಡಿ ಇನ್ನೊಂದು ಪಾಲನ್ನು ಕೆಳಗಿರುವ ಫೋಕಸ್ ಘಟಕಕ್ಕೆ ಇಳಿಸುತ್ತದೆ. ವಿಡಿಯೊಗಾಗಿ ಕನ್ನಡಿ ಮೇಲಕ್ಕೆದ್ದ ಕ್ಷಣದಿಂದ ವ್ಯೂಫೈಂಡರ್ ಕತ್ತಲಾಗುತ್ತದೆ, ಫೋಕಸ್ ಘಟಕಕ್ಕೆ ಬೆಳಕೇ ಸಿಗುವುದಿಲ್ಲ. ಅದೇ 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಲುಮಿಕ್ಸ್ ಜಿ1 ಕ್ಯಾಮೆರಾದಲ್ಲಿ ಕನ್ನಡಿಯನ್ನೇ ತೆಗೆದುಹಾಕಿತು. 2013ರಲ್ಲಿ ಸೋನಿ ಆಲ್ಫಾ 7 ಫುಲ್ ಫ್ರೇಮ್ ಸೆನ್ಸರಿನೊಂದಿಗೆ ಅದೇ ದಾರಿ ಹಿಡಿಯಿತು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಕೂಡ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಬಂದವು.

ಇಲ್ಲಿ ಲೆನ್ಸ್ ವಿಷಯಕ್ಕೆ ಒಂದು ನಿಮಿಷ ಹೊರಳುತ್ತೇನೆ, ಏಕೆಂದರೆ ಕನ್ನಡಿ ಹೋದದ್ದರ ಲಾಭ ಗಾಜಿಗೂ ಸಿಕ್ಕಿದೆ. ಕನ್ನಡಿ ಏಳಲು ಜಾಗ ಬೇಕಾಗಿದ್ದುದರಿಂದ ಲೆನ್ಸ್ ಕೂರುವ ಮೌಂಟಿಗೂ ಸೆನ್ಸರಿಗೂ ನಡುವೆ ನಿಕಾನ್ ಎಫ್ ಮೌಂಟಿನಲ್ಲಿ 46.5 ಮಿಲಿಮೀಟರ್, ಕ್ಯಾನನ್ ಇಎಫ್‌ನಲ್ಲಿ 44 ಮಿಲಿಮೀಟರ್ ಅಂತರವಿತ್ತು. ಈಗ ನಿಕಾನ್ ಝಡ್ ಮೌಂಟಿನಲ್ಲಿ ಅದು 16 ಮಿಲಿಮೀಟರಿಗೆ, ಸೋನಿ ಇ ಮೌಂಟಿನಲ್ಲಿ 18ಕ್ಕೆ, ಕ್ಯಾನನ್ ಆರ್‌ಎಫ್‌ನಲ್ಲಿ 20ಕ್ಕೆ ಇಳಿದಿದೆ. ಲೆನ್ಸಿನ ಹಿಂಭಾಗದ ದೊಡ್ಡ ಗಾಜನ್ನು ಸೆನ್ಸರಿಗೆ ಇಷ್ಟು ಹತ್ತಿರ ತರಲು ಸಾಧ್ಯವಾದದ್ದರಿಂದಲೇ ಇಂದಿನ ವೈಡ್ ಆ್ಯಂಗಲ್ ಲೆನ್ಸುಗಳು ಚೌಕಟ್ಟಿನ ಮೂಲೆಮೂಲೆಯವರೆಗೂ ಅಷ್ಟು ಸ್ಪಷ್ಟವಾಗಿ ಬರೆಯುತ್ತವೆ. ಉಳಿದ ಅಂತರದಲ್ಲಿ ಅಡಾಪ್ಟರ್ ತೊಡಿಸಿ ಹಳೆಯ ಲೆನ್ಸುಗಳನ್ನು ಬಳಸುವ ಅನುಕೂಲವೂ ಇದರಿಂದಲೇ ಬಂದಿದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಕನ್ನಡಿ ಇದ್ದಾಗ ಸೆನ್ಸರಿಗೆ ಇದ್ದದ್ದು ಒಂದೇ ಕೆಲಸ, ಚಿತ್ರ ಹಿಡಿಯುವುದು. ಕನ್ನಡಿ ಹೋದ ಮೇಲೆ ವ್ಯೂಫೈಂಡರಿಗೆ ದೃಶ್ಯ ಒದಗಿಸುವುದು, ಬೆಳಕನ್ನು ಅಳೆಯುವುದು, ಫೋಕಸ್ ಹುಡುಕುವುದು, ಕಣ್ಣು ಯಾವುದು ಹಕ್ಕಿ ಯಾವುದು ಎಂದು ಗುರುತಿಸಲು ಪ್ರೊಸೆಸರಿಗೆ ಮಾಹಿತಿ ಕಳುಹಿಸುವುದು, ಚಿತ್ರ ತೆಗೆಯುವುದು, ಇವೆಲ್ಲವೂ ಅದೇ ಸೆನ್ಸರಿನ ಪಾಲಿಗೆ ಬಂದವು. ಓದುವ ವೇಗ ಕಡಿಮೆಯಾದರೆ ಇವುಗಳಲ್ಲಿ ಒಂದು ಕೆಲಸ ಇನ್ನೊಂದಕ್ಕಾಗಿ ಕಾಯಬೇಕಾಗುತ್ತದೆ. ಚಿತ್ರ ತೆಗೆದಾಗಲೆಲ್ಲ ವ್ಯೂಫೈಂಡರ್ ಒಂದು ಕ್ಷಣ ಕಪ್ಪಾಗುವುದು, ಓಡುವ ವಸ್ತುವಿನ ಮೇಲೆ ಫೋಕಸ್ ತಡವರಿಸುವುದು, 4ಕೆಯಲ್ಲಿ ಸೆಕೆಂಡಿಗೆ 60 ಫ್ರೇಮಿಗೆ ಹೋದೊಡನೆ ದೃಶ್ಯದ ಅಂಚು ಕತ್ತರಿಸಿಹೋಗುವುದು, ಇವು ಬೇರೆ ಬೇರೆ ದೋಷಗಳಂತೆ ಕಂಡರೂ ಅನೇಕ ಸಂದರ್ಭಗಳಲ್ಲಿ ಬೇರು ಒಂದೇ ಆಗಿರುತ್ತದೆ.

ಇದನ್ನು ಒಂದು ಲೆಕ್ಕದ ಮೂಲಕ ನೋಡೋಣ. ಸಾಮಾನ್ಯ ಸೆನ್ಸರ್ ತನ್ನ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದರಂತೆ ಓದುತ್ತದೆ. ಎಲೆಕ್ಟ್ರಾನಿಕ್ ಶಟರ್ (ಯಾಂತ್ರಿಕ ಪರದೆ ಚಲಿಸದೆ ಸೆನ್ಸರೇ ಚಿತ್ರವನ್ನು ಆರಂಭಿಸಿ ಮುಗಿಸುವ ವಿಧಾನ) ಬಳಸುವಾಗ ಇಡೀ ಸೆನ್ಸರನ್ನು ಓದಲು 1/15 ಸೆಕೆಂಡ್ ಹಿಡಿಯುವ ಕ್ಯಾಮೆರಾ ಒಂದಿದೆ ಎಂದುಕೊಳ್ಳಿ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಚೌಕಟ್ಟನ್ನು ಅಡ್ಡಹಾಯುವ ಓಟಗಾರನೊಬ್ಬ ಆ ಅವಧಿಯಲ್ಲಿ ಸುಮಾರು 67 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಚೌಕಟ್ಟಿನ ತುಂಬ ಅವನೇ ಇದ್ದರೆ, ತಲೆ ದಾಖಲಾದ ಗಳಿಗೆಗೂ ಪಾದ ದಾಖಲಾದ ಗಳಿಗೆಗೂ ನಡುವೆ ಅಷ್ಟು ದೂರದ ವ್ಯತ್ಯಾಸವಿರುತ್ತದೆ. ಚಿತ್ರದಲ್ಲಿ ಅವನ ದೇಹ ಓರೆಯಾಗಿ ಎಳೆದಂತೆ ಕಾಣುತ್ತದೆ. ನೀವು ಶಟರ್ ವೇಗವನ್ನು 1/8000ಕ್ಕೆ ಇಟ್ಟಿದ್ದರೂ ಈ ಓರೆ ಹೋಗುವುದಿಲ್ಲ, ಏಕೆಂದರೆ ಆ 1/8000 ಎಂಬುದು ಪ್ರತಿಯೊಂದು ಸಾಲು ಬೆಳಕು ಕಂಡ ಅವಧಿ ಮಾತ್ರ. ಸಾಲುಗಳ ನಡುವಿನ ವಿಳಂಬವನ್ನು ಅದು ಮುಟ್ಟುವುದೇ ಇಲ್ಲ. ಅದೇ ಓದು 1/250 ಸೆಕೆಂಡಿನಲ್ಲಿ ಮುಗಿದರೆ ವ್ಯತ್ಯಾಸ 4 ಸೆಂಟಿಮೀಟರಿಗೆ ಇಳಿಯುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಸ್ಥಿರಚಿತ್ರದ ಈ ಓರೆಯೇ ವಿಡಿಯೊದಲ್ಲಿ ಕ್ಯಾಮೆರಾ ತಿರುಗಿಸಿದಾಗ ಕಂಬಗಳು ವಾಲುವುದಾಗಿ, ಕೈ ನಡುಗಿದಾಗ ದೃಶ್ಯವೆಲ್ಲ ತುಳುಕಾಡುವುದಾಗಿ ಕಾಣಿಸಿಕೊಳ್ಳುತ್ತದೆ.

ಈ ಓದುವ ವೇಗವನ್ನು ಒಮ್ಮೆಲೇ ಮೇಲೇರಿಸಿದ್ದು ಸ್ಟ್ಯಾಕ್ಡ್ ಸೆನ್ಸರ್. ಬೆಳಕು ಹಿಡಿಯುವ ಪದರದ ಕೆಳಗೆ ಸಂಸ್ಕರಣೆಯ ಸರ್ಕ್ಯೂಟನ್ನೂ ಅತಿವೇಗದ ಮೆಮೊರಿಯನ್ನೂ ಪದರಪದರವಾಗಿ ಕೂರಿಸುವ ಈ ರಚನೆಯನ್ನು ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಮೊದಲು ತಂದದ್ದು 2017ರ ಸೋನಿ ಆಲ್ಫಾ 9. ವ್ಯೂಫೈಂಡರ್ ಒಮ್ಮೆಯೂ ಕಪ್ಪಾಗದಂತೆ ಅದು ಸೆಕೆಂಡಿಗೆ 20 ಚಿತ್ರ ತೆಗೆಯಿತು. 2021ರ ಆರಂಭದಲ್ಲಿ ಬಂದ ಆಲ್ಫಾ 1, 50 ಮೆಗಾಪಿಕ್ಸೆಲ್‌ನಲ್ಲಿ ಸೆಕೆಂಡಿಗೆ 30 ಚಿತ್ರಗಳನ್ನೂ 8ಕೆ ವಿಡಿಯೊವನ್ನೂ ಒಂದೇ ದೇಹದಲ್ಲಿ ಕೊಟ್ಟಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ನಿಕಾನ್ ಝಡ್9, ನನ್ನ ದೃಷ್ಟಿಯಲ್ಲಿ, ಇನ್ನೂ ದೊಡ್ಡ ಹೆಜ್ಜೆ. 45.7 ಮೆಗಾಪಿಕ್ಸೆಲ್‌ನ ಆ ಕ್ಯಾಮೆರಾದಲ್ಲಿ ಯಾಂತ್ರಿಕ ಶಟರ್ ಇಲ್ಲವೇ ಇಲ್ಲ. ತನ್ನ ಸೆನ್ಸರಿನ ವೇಗದ ಮೇಲೆ ಸಂಸ್ಥೆಗೆ ಎಷ್ಟು ನಂಬಿಕೆ ಇತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇದರ ಮುಂದಿನ ಹಂತ ಗ್ಲೋಬಲ್ ಶಟರ್, ಎಂದರೆ ಎಲ್ಲ ಸಾಲುಗಳೂ ಒಂದೇ ಗಳಿಗೆಯಲ್ಲಿ ದಾಖಲಾಗುವ ವ್ಯವಸ್ಥೆ. 2023ರಲ್ಲಿ ಪ್ರಕಟವಾದ ಸೋನಿ ಆಲ್ಫಾ 9 ಮಾರ್ಕ್ 3 ಅದನ್ನು ಫುಲ್ ಫ್ರೇಮಿಗೆ ತಂದಿತು. ಸೆಕೆಂಡಿಗೆ 120 ಚಿತ್ರ, 1/80000 ಸೆಕೆಂಡಿನವರೆಗೂ ಫ್ಲ್ಯಾಶ್ ಹೊಂದಾಣಿಕೆ ಅದರಿಂದ ಸಾಧ್ಯವಾದವು. ಯಾಂತ್ರಿಕ ಶಟರ್‌ನಲ್ಲಿ ಫ್ಲ್ಯಾಶ್ ಸಾಮಾನ್ಯವಾಗಿ 1/200 ಅಥವಾ 1/250ರಲ್ಲೇ ನಿಲ್ಲುತ್ತಿತ್ತು ಎಂಬುದನ್ನು ನೆನೆದರೆ ಈ ಜಿಗಿತದ ಅಳತೆ ಗೊತ್ತಾಗುತ್ತದೆ. ಆದರೆ ಪ್ರತಿ ಪಿಕ್ಸೆಲ್ ಪಕ್ಕದಲ್ಲಿ ಮಾಹಿತಿ ಹಿಡಿದಿಡುವ ಜಾಗ ಬೇಕಾಗುವುದರಿಂದ ಬೆಳಕಿಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಆ ಕ್ಯಾಮೆರಾದ ಮೂಲ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸಂವೇದನೆಯ ಅಳತೆ) 250ರಿಂದ ಆರಂಭವಾಗುತ್ತದೆ, ಬಹುಪಾಲು ಕ್ಯಾಮೆರಾಗಳಂತೆ 100ರಿಂದ ಅಲ್ಲ. ನೆರಳಿನ ಸೂಕ್ಷ್ಮ ವಿವರಗಳನ್ನೇ ಬಯಸುವ ನಿಸರ್ಗದೃಶ್ಯದ ಛಾಯಾಗ್ರಾಹಕರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಕ್ರೀಡಾ ಛಾಯಾಗ್ರಾಹಕರಿಗೆ ಎರಡನೆಯ ಯೋಚನೆಯಿಲ್ಲದೆ ಸೂಚಿಸುತ್ತೇನೆ.

ವೇಗ ಬಂದ ಕೂಡಲೇ ಎರಡು ಹೊರೆಗಳು ಬರುತ್ತವೆ, ದತ್ತಾಂಶ ಮತ್ತು ಶಾಖ. 45.7 ಮೆಗಾಪಿಕ್ಸೆಲ್‌ನ ಒಂದು ಚಿತ್ರವನ್ನು 14 ಬಿಟ್‌ನಲ್ಲಿ, ಕುಗ್ಗಿಸದೆ ಬರೆದರೆ ಸುಮಾರು 80 ಮೆಗಾಬೈಟ್ ಆಗುತ್ತದೆ. ಸೆಕೆಂಡಿಗೆ 20ರಂತೆ ಬರೆದರೆ 1.6 ಗಿಗಾಬೈಟ್. ಯುಎಚ್‌ಎಸ್ 2 ದರ್ಜೆಯ ಎಸ್‌ಡಿ ಕಾರ್ಡಿನ ಸೈದ್ಧಾಂತಿಕ ಮಿತಿಯೇ ಸೆಕೆಂಡಿಗೆ 312 ಮೆಗಾಬೈಟ್. ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡಿನ 2.0 ಆವೃತ್ತಿಯಲ್ಲಿ ಟೈಪ್ ಎ ಮಾದರಿಯ ಮಿತಿ 1 ಗಿಗಾಬೈಟ್, ಟೈಪ್ ಬಿಯದು 2 ಗಿಗಾಬೈಟ್. ಕುಗ್ಗಿಸುವಿಕೆ ಮತ್ತು ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ಈ ಒತ್ತಡವನ್ನು ಒಂದಷ್ಟು ತಗ್ಗಿಸುತ್ತವೆ, ನಿಜ. ಆದರೂ ಇಂಥ ಕ್ಯಾಮೆರಾಕ್ಕೆ ನಿಧಾನಗತಿಯ ಕಾರ್ಡ್ ಹಾಕಿದರೆ ಕೊಟ್ಟ ಹಣದ ಅರ್ಧ ಲಾಭ ಅಲ್ಲೇ ನಿಂತುಹೋಗುತ್ತದೆ. ವಿಡಿಯೊದ ಲೆಕ್ಕವೂ ಚಿಕ್ಕದಲ್ಲ. ಸೆಕೆಂಡಿಗೆ 400 ಮೆಗಾಬಿಟ್ ಎಂದರೆ 50 ಮೆಗಾಬೈಟ್, ನಿಮಿಷಕ್ಕೆ 3 ಗಿಗಾಬೈಟ್, ಗಂಟೆಗೆ 180 ಗಿಗಾಬೈಟ್. ಮನೆಗೆ ಬಂದ ಮೇಲೆ ಅದನ್ನು ಎಲ್ಲಿ ಇಡುತ್ತೀರಿ, ಎರಡನೆಯ ಪ್ರತಿ ಎಲ್ಲಿರುತ್ತದೆ ಎಂಬುದನ್ನು ಕ್ಯಾಮೆರಾ ಕೊಳ್ಳುವ ಮುನ್ನವೇ ತೀರ್ಮಾನಿಸಿಕೊಳ್ಳಬೇಕು.

ಶಾಖದ ವಿಷಯದಲ್ಲಿ ಸ್ಥಿರಚಿತ್ರವೂ ವಿಡಿಯೊವೂ ಪರಸ್ಪರ ವಿರುದ್ಧ ದಿಕ್ಕಿಗೆ ಎಳೆಯುತ್ತವೆ. ಛಾಯಾಗ್ರಾಹಕ ಕೆಲವು ಸೆಕೆಂಡ್ ಬಿರುಸಾಗಿ ಚಿತ್ರ ತೆಗೆದು ನಿಲ್ಲುತ್ತಾನೆ. ಕ್ಯಾಮೆರಾಕ್ಕೆ ಉಸಿರಾಡಲು ಹೊತ್ತು ಸಿಗುತ್ತದೆ. ವಿಡಿಯೊದಲ್ಲಿ ಬಿಡುವೇ ಇಲ್ಲ. 8ಕೆ ಎಂದರೆ 7680×4320, ಸುಮಾರು 33 ಮೆಗಾಪಿಕ್ಸೆಲ್. ಸೆಕೆಂಡಿಗೆ 30 ಫ್ರೇಮ್ ಎಂದರೆ ಹೆಚ್ಚುಕಡಿಮೆ ನೂರು ಕೋಟಿ ಪಿಕ್ಸೆಲ್‌ಗಳನ್ನು ಪ್ರತಿ ಸೆಕೆಂಡೂ ಓದಿ, ಸಂಸ್ಕರಿಸಿ, ಬರೆಯಬೇಕು. ಕೈನಡುಕ ತಡೆಯುವ ವ್ಯವಸ್ಥೆಗಾಗಿ ಸೆನ್ಸರನ್ನು ಚಲಿಸುವ ಚೌಕಟ್ಟಿನ ಮೇಲೆ ತೇಲುವಂತೆ ಕೂರಿಸಿರುವುದರಿಂದ ಅದರ ಶಾಖ ಲೋಹದ ದೇಹಕ್ಕೆ ನೇರವಾಗಿ ಹರಿಯುವುದೂ ಕಷ್ಟ. ಮಳೆ ಮತ್ತು ಧೂಳಿನಿಂದ ರಕ್ಷಿಸಲು ದೇಹವನ್ನು ಭದ್ರವಾಗಿ ಮುಚ್ಚಿದ್ದರಂತೂ ಗಾಳಿಯಾಡುವ ದಾರಿಯೂ ಇಲ್ಲ. 2020ರಲ್ಲಿ ಬಂದ ಕ್ಯಾನನ್ ಆರ್5, 8ಕೆ ವಿಡಿಯೊವನ್ನು 23 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಸುಮಾರು 20 ನಿಮಿಷ ದಾಖಲಿಸಬಲ್ಲದು ಎಂದು ಆ ಸಂಸ್ಥೆಯೇ ಆಗ ತಿಳಿಸಿತ್ತು. ಎರಡು ವರ್ಷಗಳ ನಂತರ ಬಂದ ಆರ್5 ಸಿ ಮಾದರಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಸೆನ್ಸರ್ ಅದೇ 45 ಮೆಗಾಪಿಕ್ಸೆಲ್‌ನದು. ಹಿಂಭಾಗದಲ್ಲಿ ಫ್ಯಾನ್ ಸೇರಿತು, ದೇಹ ದಪ್ಪವಾಯಿತು, ಸೆನ್ಸರನ್ನು ಅಲುಗಾಡಿಸಿ ಕೈನಡುಕ ತಡೆಯುವ ವ್ಯವಸ್ಥೆ ಹೋಯಿತು. ಎರಡು ಕಸುಬುಗಳ ನಡುವಿನ ಚೌಕಾಸಿ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಇನ್ನೊಂದನ್ನು ನಾನು ಕಂಡಿಲ್ಲ. ಕೈನಡುಕ ತಡೆಯುವ ವ್ಯವಸ್ಥೆಯನ್ನೂ ಉಳಿಸಿಕೊಂಡು ಫ್ಯಾನನ್ನೂ ಇಟ್ಟ ಪ್ಯಾನಸೋನಿಕ್ ಎಸ್1ಎಚ್ 2019ರಲ್ಲೇ ಬಂದಿತ್ತು. ಅದರ ಗಾತ್ರ ಮತ್ತು ತೂಕ ಅದಕ್ಕೆ ತೆತ್ತ ಬೆಲೆ.

ಹಳೆಯ ಕ್ಯಾಮೆರಾಗಳಲ್ಲಿ ವಿಡಿಯೊ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದಕ್ಕೂ ಶಾಖಕ್ಕೂ ನೇರ ಸಂಬಂಧವಿರಲಿಲ್ಲ. ಯುರೋಪಿಯನ್ ಒಕ್ಕೂಟದ ಸುಂಕದ ನಿಯಮದಲ್ಲಿ 30 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ದಾಖಲಿಸುವ ಯಂತ್ರವನ್ನು ವಿಡಿಯೊ ಕ್ಯಾಮೆರಾ ಎಂದು ವರ್ಗೀಕರಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ತಯಾರಕರು ಆ ಒಂದು ಸೆಕೆಂಡನ್ನು ಬಿಟ್ಟುಕೊಟ್ಟಿದ್ದರು.

ಇಲ್ಲಿಯವರೆಗೆ ಹೇಳಿದ್ದು ಯಂತ್ರದ ವೇಗ ಬಗೆಹರಿಸಬಲ್ಲ ಸಮಸ್ಯೆಗಳು. ಎಷ್ಟೇ ವೇಗದ ಸೆನ್ಸರ್ ಬಂದರೂ ಬಗೆಹರಿಯದ ಕೆಲವು ಸಂಗತಿಗಳಿವೆ. ಅವು ಬೆಳಕಿಗೆ ಸಂಬಂಧಿಸಿದವು, ಕೈಯ ಅಭ್ಯಾಸಕ್ಕೆ ಸಂಬಂಧಿಸಿದವು. ಚಲನೆಯನ್ನು ನಿಲ್ಲಿಸಲು ಛಾಯಾಗ್ರಾಹಕ 1/1000, 1/2000ರತ್ತ ಹೋಗುತ್ತಾನೆ. ವಿಡಿಯೊದಲ್ಲಿ ಒಂದೊಂದು ಫ್ರೇಮಿನಲ್ಲೂ ಚಲನೆ ತುಸು ಮಸುಕಾಗಿದ್ದರೆ ಮಾತ್ರ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್ ಇದ್ದರೆ ಶಟರ್ 1/50ರ ಸುತ್ತಮುತ್ತ ಇರಬೇಕೆಂಬುದು ಸಿನಿಮಾದವರ ಹಳೆಯ ಸಂಪ್ರದಾಯ. ಇದರ ಪರಿಣಾಮವನ್ನು ಬಿಸಿಲಿನಲ್ಲಿ ನೋಡಿ. ಲಾಗ್ ವಿಧಾನದಲ್ಲಿ (ಬಣ್ಣವನ್ನು ಆಮೇಲೆ ತಿದ್ದಲೆಂದು ವಿಡಿಯೊವನ್ನು ಮಂಕಾಗಿ ದಾಖಲಿಸುವ ಬಗೆ) ಐಎಸ್‌ಒ 800ಕ್ಕಿಂತ ಕೆಳಗಿಳಿಯದ ಕ್ಯಾಮೆರಾ ಎಂದುಕೊಳ್ಳೋಣ. ನಡುಹಗಲ ಬಿಸಿಲಿಗೆ ಎಫ್ 16ರಲ್ಲಿ 1/800 ಸೆಕೆಂಡ್ ಸರಿಯಾದ ಲೆಕ್ಕ. ಶಟರನ್ನು 1/50ಕ್ಕೆ ಇಳಿಸಿದಿರಿ, ನಾಲ್ಕು ಸ್ಟಾಪ್ ಬೆಳಕು ಹೆಚ್ಚಾಯಿತು (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟಾಗುತ್ತದೆ). ಹಿನ್ನೆಲೆ ಮಸುಕಾಗಲೆಂದು ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು) ಎಫ್ 2.8ಕ್ಕೆ ತೆರೆದಿರಿ, ಇನ್ನೂ ಐದು ಸ್ಟಾಪ್. ಒಟ್ಟು ಒಂಬತ್ತು ಸ್ಟಾಪ್, ಎಂದರೆ ಬೇಕಾದದ್ದಕ್ಕಿಂತ 512 ಪಟ್ಟು ಬೆಳಕು. ಇದನ್ನು ತಡೆಯಲು ಲೆನ್ಸಿನ ಮುಂದೆ ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಅನೇಕ ಸಿನಿಮಾ ಕ್ಯಾಮೆರಾಗಳು ಅದನ್ನು ಸೆನ್ಸರಿನ ಮುಂದೆ ಒಳಗೇ ಅಳವಡಿಸಿಕೊಂಡಿರುತ್ತವೆ. ಸ್ಥಿರಚಿತ್ರಕ್ಕೂ ಬಳಸುವ ಮಿರರ್‌ಲೆಸ್ ದೇಹಗಳಲ್ಲಿ ಇದು ಬಹಳ ಅಪರೂಪ. ಹಾಗಾಗಿ ಎರಡೂ ಕೆಲಸವನ್ನು ಒಟ್ಟಿಗೆ ಮಾಡುವವರು ಫಿಲ್ಟರನ್ನು ಹಾಕುತ್ತಾ ತೆಗೆಯುತ್ತಾ ಇರಬೇಕಾಗುತ್ತದೆ. ಸ್ಕ್ರೂ ತಿರುಗಿಸುವ ಫಿಲ್ಟರಿಗಿಂತ ಆಯಸ್ಕಾಂತದಿಂದ ಅಂಟಿಕೊಳ್ಳುವ ಫಿಲ್ಟರ್ ಇಂಥ ಹೊತ್ತಿನಲ್ಲಿ ನಿಜವಾಗಿ ನೆರವಿಗೆ ಬರುತ್ತದೆ.

ಬಣ್ಣದ ವಿಷಯದಲ್ಲೂ ಎರಡು ಕೆಲಸಗಳ ಶಿಸ್ತು ಬೇರೆ. 14 ಬಿಟ್‌ನ ರಾ (ಕ್ಯಾಮೆರಾ ಸಂಸ್ಕರಿಸದ) ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 16,384 ಹಂತಗಳಿಗೆ ಜಾಗವಿದೆ, ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗಿಯೇ ಕಾಣುವಂತೆ ಮಾಡುವ ಬಣ್ಣದ ಹೊಂದಾಣಿಕೆಯನ್ನು) ಆಮೇಲೆ ಹೇಗೆ ಬೇಕಾದರೂ ಬದಲಿಸಬಹುದು. ಸಾಮಾನ್ಯ ವಿಡಿಯೊ ಕಡತದಲ್ಲಿ ಈ ಸ್ವಾತಂತ್ರ್ಯವಿಲ್ಲ. ಅಲ್ಲಿ ವೈಟ್ ಬ್ಯಾಲೆನ್ಸ್ ಚಿತ್ರದೊಳಗೇ ಬೆರೆತುಹೋಗಿರುತ್ತದೆ. 8 ಬಿಟ್‌ನಲ್ಲಿ ಹಂತಗಳು 256, 10 ಬಿಟ್‌ನಲ್ಲಿ 1,024. ಲಾಗ್ ವಿಧಾನ ಸೆನ್ಸರಿನ ವಿಶಾಲವಾದ ಬೆಳಕು-ನೆರಳಿನ ವ್ಯಾಪ್ತಿಯನ್ನು ಈ ಕೆಲವೇ ಹಂತಗಳಲ್ಲಿ ಹಿಡಿಸುತ್ತದೆ. ಹಂತಗಳು ಬರೀ 256 ಇದ್ದರೆ, ಬಣ್ಣ ತಿದ್ದುವಾಗ ಸಂಜೆಯ ಆಕಾಶದಲ್ಲಿ ಪಟ್ಟೆಪಟ್ಟೆಯಾಗಿ ಗೆರೆಗಳು ಮೂಡುತ್ತವೆ. ಆದ್ದರಿಂದ ಲಾಗ್ ಬಳಸುವುದಾದರೆ 10 ಬಿಟ್, 4:2:2 (ಬಣ್ಣದ ವಿವರವನ್ನು ಕಡಿಮೆ ಕಳೆಯುವ ದಾಖಲೆಯ ಬಗೆ) ಇರಲೇಬೇಕು ಎನ್ನುತ್ತೇನೆ. ಅದಿಲ್ಲದಿದ್ದರೆ ಲಾಗ್ ಬಿಟ್ಟು ಕ್ಯಾಮೆರಾದ ಸಾಮಾನ್ಯ ಬಣ್ಣದಲ್ಲೇ ಎಚ್ಚರಿಕೆಯಿಂದ ಚಿತ್ರೀಕರಿಸುವುದು ಒಳ್ಳೆಯದು.

ಫೋಕಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂದಿನ ಉನ್ನತ ದರ್ಜೆಯ ಕ್ಯಾಮೆರಾಗಳೆಲ್ಲ ಕಣ್ಣನ್ನು ಗುರುತಿಸಿ ಹಿಂಬಾಲಿಸುವುದರಲ್ಲಿ ಪಳಗಿವೆ. ಸ್ಥಿರಚಿತ್ರದಲ್ಲಿ ಫೋಕಸ್ ಥಟ್ಟನೆ ಹಿಡಿಯಬೇಕು, ವಿಡಿಯೊದಲ್ಲಿ ಒಂದು ಮುಖದಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯಬೇಕು. ಈ ವೇಗವನ್ನು ಬೇರೆ ಬೇರೆಯಾಗಿ ಹೊಂದಿಸಲು ಬರುತ್ತದೆಯೇ ಎಂದು ನೋಡಿಕೊಂಡರೆ ಸಾಕು. ಲೆನ್ಸಿನ ವಿಷಯ ಮಾತ್ರ ಅಷ್ಟು ಸುಲಭವಲ್ಲ. ಸ್ಥಿರಚಿತ್ರಕ್ಕೆ ಅತ್ಯುತ್ತಮವಾದ ಅನೇಕ ಲೆನ್ಸುಗಳಲ್ಲಿ ಫೋಕಸ್ ಬದಲಾದಾಗ ಚೌಕಟ್ಟೇ ಹಿಗ್ಗಿದಂತೆ, ಕುಗ್ಗಿದಂತೆ ಕಾಣುತ್ತದೆ. ಒಂದೇ ಚಿತ್ರದಲ್ಲಿ ಇದು ಯಾರ ಗಮನಕ್ಕೂ ಬಾರದು, ವಿಡಿಯೊದಲ್ಲಿ ಪ್ರತಿ ಸಲವೂ ಕಣ್ಣಿಗೆ ಚುಚ್ಚುತ್ತದೆ.

ಸಭೆಯಿಂದ ಒಬ್ಬರು ಬರೆದು ಕಳುಹಿಸಿದ ಪ್ರಶ್ನೆ ಹೀಗಿದೆ: 24 ಮೆಗಾಪಿಕ್ಸೆಲ್ ಸಾಕೇ, 45ಕ್ಕೆ ಹೋಗಬೇಕೇ? ನಿಮ್ಮ ಕೆಲಸದಲ್ಲಿ ವಿಡಿಯೊದ ಪಾಲು ಹೆಚ್ಚಿದ್ದು, ಕೊನೆಯ ಕಡತ 4ಕೆ ಆಗಿದ್ದರೆ 24 ಸಾಕು. ಆ ಸೆನ್ಸರಿನ ಅಗಲ ಸುಮಾರು 6000 ಪಿಕ್ಸೆಲ್; ಅದನ್ನು ಪೂರ್ತಿಯಾಗಿ ಓದಿ 3840ಕ್ಕೆ ಇಳಿಸಿದಾಗ ಸಿಗುವ 4ಕೆ ಅತ್ಯಂತ ಸ್ವಚ್ಛವಾಗಿರುತ್ತದೆ. 45 ಅಥವಾ 50 ಮೆಗಾಪಿಕ್ಸೆಲ್‌ನ ಸೆನ್ಸರ್ ನಿಧಾನವಾಗಿದ್ದರೆ, 4ಕೆಗಾಗಿ ಅದು ಸಾಲುಗಳನ್ನು ಬಿಟ್ಟು ಬಿಟ್ಟು ಓದಬೇಕಾಗುತ್ತದೆ. ಆಗ ಬಟ್ಟೆಯ ನೇಯ್ಗೆ, ಹೆಂಚಿನ ಸಾಲುಗಳ ಮೇಲೆ ಇಲ್ಲದ ಬಣ್ಣದ ಗೆರೆಗಳು ಹುಟ್ಟುತ್ತವೆ. ಹೆಚ್ಚು ಮೆಗಾಪಿಕ್ಸೆಲ್ ಬೇಕಾದವರು ಅದಕ್ಕೆ ತಕ್ಕ ಓದುವ ವೇಗವನ್ನೂ ಕೊಳ್ಳಬೇಕು. ಎರಡಕ್ಕೂ ಹಣ ಸಾಲದಿದ್ದರೆ ಪಿಕ್ಸೆಲ್ ಬಿಟ್ಟು ವೇಗವನ್ನು ಇಟ್ಟುಕೊಳ್ಳಿ, ಮಿಕ್ಕದ್ದನ್ನು ಒಂದು ಒಳ್ಳೆಯ ಲೆನ್ಸಿಗೆ ಹಾಕಿ.

ಕ್ಯಾಮೆರಾ ಕೈಗೆ ಸಿಕ್ಕಾಗ ಮಾಡಬೇಕಾದ ಪರೀಕ್ಷೆಗಳಿಗೆ ವಿಶೇಷ ಸಲಕರಣೆ ಬೇಡ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ, 1/2000ಕ್ಕಿಂತ ವೇಗವಾಗಿ, ತಿರುಗುವ ಫ್ಯಾನಿನ ಚಿತ್ರ ತೆಗೆಯಿರಿ. ರೆಕ್ಕೆಗಳು ಎಷ್ಟು ಬಾಗಿವೆ ಎಂಬುದರಲ್ಲೇ ಸೆನ್ಸರಿನ ವೇಗ ಗೊತ್ತಾಗುತ್ತದೆ. ಎಲ್‌ಇಡಿ ದೀಪದ ಕೆಳಗೆ ಅದೇ ಶಟರ್‌ನಲ್ಲಿ ಬಿಳಿ ಗೋಡೆಯನ್ನು ತೆಗೆದು, ಕಪ್ಪು ಪಟ್ಟೆಗಳು ಎಷ್ಟಿವೆ ನೋಡಿ. ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಇರುವಲ್ಲಿ 1/50 ಮತ್ತು 1/100ರಲ್ಲಿ ಈ ಪಟ್ಟೆಗಳು ಸಾಮಾನ್ಯವಾಗಿ ಮಾಯವಾಗುತ್ತವೆ. ಬೇರೆ ಆವರ್ತನದಲ್ಲಿ ಮಿನುಗುವ ದೀಪಗಳಿಗಾಗಿ ಶಟರ್ ವೇಗವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಿಸುವ ಸೌಲಭ್ಯ ಇದೆಯೇ ಎಂದು ಮೆನುವಿನಲ್ಲಿ ಹುಡುಕಿ. ನೀವು ನಿಜವಾಗಿ ಬಳಸುವ ಗುಣಮಟ್ಟದಲ್ಲಿ, ನೀವು ನಿಜವಾಗಿ ಕೆಲಸ ಮಾಡುವ ಬಿಸಿಯಲ್ಲಿ, ಕ್ಯಾಮೆರಾ ತಾನಾಗಿ ನಿಲ್ಲುವವರೆಗೆ ವಿಡಿಯೊ ಓಡಲು ಬಿಡಿ. ಕೊನೆಗೆ ಸ್ಥಿರಚಿತ್ರದಿಂದ ವಿಡಿಯೊಗೆ ಗುಂಡಿ ತಿರುಗಿಸಿ, ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಮೂರೂ ಪ್ರತ್ಯೇಕವಾಗಿ ನೆನಪಿನಲ್ಲಿ ಉಳಿಯುತ್ತವೆಯೇ ಎಂದು ನೋಡಿ. ಉಳಿಯದಿದ್ದರೆ ಮೆನುವಿನಲ್ಲಿ ಅದಕ್ಕೆ ಅವಕಾಶ ಇದೆಯೇ ಎಂದು ಹುಡುಕಿ, ಅಲ್ಲೂ ಇಲ್ಲವೆಂದಾದರೆ ಡಯಲಿನ ಒಂದು ಕಸ್ಟಮ್ ಸ್ಥಾನವನ್ನು 1/50, ಸ್ಥಿರವಾದ ವೈಟ್ ಬ್ಯಾಲೆನ್ಸ್ ಮತ್ತು ಲಾಗ್‌ನ ಮೂಲ ಐಎಸ್‌ಒಗೆ ಖಾಯಂ ಆಗಿ ಮೀಸಲಿಟ್ಟು, ಕೆಲಸಕ್ಕೆ ಹೊರಡುವ ಮೊದಲು ಕಣ್ಣು ಮುಚ್ಚಿಕೊಂಡೇ ಅದನ್ನು ತಿರುಗಿಸುವಷ್ಟು ಕೈಗೆ ರೂಢಿ ಮಾಡಿಕೊಳ್ಳಿ.